ಗಾಯಗೊಂಡು ಸೋತ ಮಕ್ಕಳಿಗೆ ‘ಮುಂದಿನ ವರ್ಷ ನೋಡೋಣ’ ಅನ್ನಬೇಡಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಜಿಲ್ಲಾ ಪುಟದಲ್ಲಿ ಶಾಲಾ ಕ್ರೀಡಾಕೂಟದ ಒಂದು ಫೋಟೊ ಬಂದಿತ್ತು. ಕಾಲಿಗೆ ಪೆಟ್ಟಾಗಿದ್ದರೂ ಕುಂಟುತ್ತಲೇ ಓಟ ಮುಗಿಸಿದ ಹುಡುಗಿಯದು. ಕೆಳಗೆ ಅವಳ ಛಲವನ್ನು ಹೊಗಳಿ ಎರಡು ಸಾಲು ಬರೆದಿದ್ದಿರಿ. ಫೋಟೊ ಚೆನ್ನಾಗಿತ್ತು, ತೆಗೆದವರ ಮೇಲೆ ನನಗೆ ಯಾವ ಬೇಸರವೂ ಇಲ್ಲ. ಆದರೆ ಆ ಹುಡುಗಿ ಮನೆಗೆ ಹೋದ ಮೇಲೆ ಏನಾಯಿತು, ರಾತ್ರಿ ಊಟ ಮಾಡಿದಳಾ, ಮಾರನೇ ದಿನ ಶಾಲೆಗೆ ಬಂದಳಾ ಅನ್ನೋ ಯೋಚನೆ ನನ್ನನ್ನು ಬಿಡಲಿಲ್ಲ. ನಾನು ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿ. ಇಂಥ ಮಕ್ಕಳನ್ನು ಪ್ರತಿ ವರ್ಷ ಹತ್ತಿರದಿಂದ ನೋಡ್ತೀನಿ. ಓಟದ ಮಧ್ಯೆ ಗಾಯವಾಗಿ ಸೋತ ಮಗುವಿನ ನಿರಾಸೆಯನ್ನು ನಾವು ದೊಡ್ಡವರು ಸರಿಯಾಗಿ ನೋಡಿಕೊಳ್ತಾ ಇಲ್ಲ ಅನ್ನೋದು ನನ್ನ ಅನಿಸಿಕೆ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾದರೂ ದಯವಿಟ್ಟು ಪೂರ್ತಿ ಓದಿ.

ಈ ಸಲ ಜಿಲ್ಲಾ ಮಟ್ಟದಲ್ಲಿ ನಮ್ಮ ಶಾಲೆಯ ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು 800 ಮೀಟರ್ ಓಡಿದಳು. ತಾಲ್ಲೂಕಿಗೆ ಫಸ್ಟ್ ಬಂದಿದ್ದವಳು. ಮೊದಲ ಸುತ್ತು ಚೆನ್ನಾಗೇ ಓಡಿದಳು, ಮುಂದಿದ್ದ ಇಬ್ಬರ ಹಿಂದೆಯೇ ಇದ್ದಳು, ಉಸಿರೂ ಹದವಾಗಿತ್ತು. ಎರಡನೇ ಸುತ್ತಿನಲ್ಲಿ ನಾವು ನಿಂತಿದ್ದ ಕಡೆಗೆ ಎದುರು ಬದಿಯಲ್ಲಿ, ಇನ್ನೇನು ವೇಗ ಹೆಚ್ಚಿಸಬೇಕು ಅನ್ನುವಾಗ, ಒಂದೇ ಸಲಕ್ಕೆ ಬಲಗೈ ತೊಡೆಯ ಹಿಂಭಾಗಕ್ಕೆ ಹೋಯಿತು. ನಾಲ್ಕು ಹೆಜ್ಜೆ ಕುಂಟಿದಳು. ಆಮೇಲೆ ಟ್ರ್ಯಾಕ್ ಬಿಟ್ಟು ಒಳಗಿನ ಹುಲ್ಲಿನ ಮೇಲೆ ಕೂತುಬಿಟ್ಟಳು. ನಾನು ಓಡಿ ಹೋಗುವಷ್ಟರಲ್ಲಿ ಯಾರೋ ನೋವಿನ ಸ್ಪ್ರೇ ಹಿಡಿದುಕೊಂಡು ಬಂದಿದ್ದರು. ಮೈದಾನದಲ್ಲಿ ಐಸ್ ಇರಲಿಲ್ಲ. ಗೇಟಿನ ಹತ್ತಿರ ನಿಂತಿದ್ದ ಐಸ್ ಕ್ಯಾಂಡಿ ಗಾಡಿಯವರೇ ಒಂದಿಷ್ಟು ಐಸ್ ಒಡೆದು ಕೊಟ್ಟರು, ದುಡ್ಡು ತಗೊಳ್ಳಲಿಲ್ಲ. ಅದನ್ನು ಟವೆಲ್‌ನಲ್ಲಿ ಸುತ್ತಿ ತೊಡೆಗೆ ಇಟ್ಟೆವು.

ಅವಳು ನೋವಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ‘ನಮ್ಮಪ್ಪ ಕೆಲಸ ಬಿಟ್ಟು ಬಂದಿದ್ರು ಮೇಡಂ’ ಅಂದಳು. ಅದನ್ನೇ ಮತ್ತೆ ಮತ್ತೆ ಅಂದಳು. ಎದೆ ಮೇಲಿನ ನಂಬರ್ ಬಿಚ್ಚೋಣ ಅಂತ ಪಿನ್ನಿಗೆ ಕೈ ಹಾಕಿದರೆ ನನ್ನ ಕೈ ಹಿಡಿದುಕೊಂಡಳು. ಬಹುಮಾನ ವಿತರಣೆ ಮುಗಿಯೋವರೆಗೂ ಆ ನಂಬರ್ ಹಾಕಿಕೊಂಡೇ ಕೂತಿದ್ದಳು.

ಅಷ್ಟರಲ್ಲಿ ಬಂದವರೆಲ್ಲ ಒಂದೊಂದು ಮಾತು ಹೇಳಿದರು. ಹೆಚ್ಚಿನವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ‘ಬಿಡು ಮಗಾ, ಮುಂದಿನ ವರ್ಷ ನೋಡೋಣ.’ ಹತ್ತನೇ ಕ್ಲಾಸಿನ ಮಗುವಿಗೆ ಪ್ರೌಢಶಾಲೆಯಲ್ಲಿ ಮುಂದಿನ ವರ್ಷ ಎಲ್ಲಿದೆ ಸಾರ್? ಮುಂದೆ ಪಿಯುಸಿ. ಬೇರೆ ಕಾಲೇಜು, ಬೇರೆ ಕ್ರೀಡಾಕೂಟ. ಅಲ್ಲಿ ಮೈದಾನ ಇರುತ್ತೋ ಇಲ್ಲವೋ, ಮನೆಯವರು ಕಳಿಸುತ್ತಾರೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ವಲಯ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಅಂತ ಒಂದೊಂದೇ ಮೆಟ್ಟಿಲು ಹತ್ತಬೇಕು, ಒಂದು ಕಡೆ ನಿಂತರೆ ಆ ವರ್ಷದ ಕತೆ ಅಲ್ಲಿಗೆ ಮುಗಿಯಿತು. ಇದು ಅವಳಿಗೆ ಚೆನ್ನಾಗಿ ಗೊತ್ತು. ಅವಳಿಗೆ ಗೊತ್ತಿರೋ ಸತ್ಯವನ್ನು ಮುಚ್ಚಿಟ್ಟು ಸಮಾಧಾನ ಮಾಡಲು ಹೋದರೆ, ಇವರಿಗೆ ನನ್ನ ಕಷ್ಟ ಅರ್ಥವೇ ಆಗಿಲ್ಲ ಅಂತ ಅವಳಿಗೆ ಅನ್ನಿಸದೇ ಇರುತ್ತಾ?

ಇನ್ನೊಬ್ಬ ಹಿರಿಯರು ಬಂದು, ‘ಕುಂಟಿಕೊಂಡಾದ್ರೂ ಮುಗಿಸಬಹುದಿತ್ತಲ್ಲಮ್ಮ, ಚಪ್ಪಾಳೆ ಹೊಡೀತಿದ್ವಿ’ ಅಂದರು. ನನಗೆ ತುಂಬಾ ಸಂಕಟವಾಗಿದ್ದು ಈ ಮಾತಿನಿಂದ. ಇಂಥ ಮಾತು ಎಲ್ಲಿಂದ ಬರುತ್ತೆ ಅನ್ನೋದೂ ನನಗೆ ಗೊತ್ತು.

1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನ ವಿಡಿಯೊ ನೀವೂ ನೋಡಿರುತ್ತೀರಿ. 400 ಮೀಟರ್ ಸೆಮಿಫೈನಲ್. ಬ್ರಿಟನ್ನಿನ ಡೆರೆಕ್ ರೆಡ್ಮಂಡ್ ಓಡುತ್ತಿರುವಾಗ ತೊಡೆಯ ಹಿಂದಿನ ಸ್ನಾಯು, ಅಂದರೆ ಹ್ಯಾಮ್‌ಸ್ಟ್ರಿಂಗ್, ಹರಿದು ಹೋಯಿತು. ಅವರು ಎದ್ದು ಒಂಟಿ ಕಾಲಲ್ಲಿ ಕುಂಟತೊಡಗಿದರು. ಪ್ರೇಕ್ಷಕರ ನಡುವೆ ಇದ್ದ ಅವರ ತಂದೆ ಜಿಮ್, ತಡೆದವರನ್ನೆಲ್ಲ ದಾಟಿ ಟ್ರ್ಯಾಕಿಗೆ ಇಳಿದು ಬಂದು ಮಗನನ್ನು ಹಿಡಿದುಕೊಂಡು ಕೊನೆವರೆಗೂ ನಡೆಸಿದರು. ಇಡೀ ಸ್ಟೇಡಿಯಂ ಎದ್ದು ನಿಂತಿತ್ತು. ಆ ವಿಡಿಯೊ ನೋಡಿ ಕಣ್ಣಲ್ಲಿ ನೀರು ಬರದವರು ಕಡಿಮೆ, ನನಗೂ ಬಂದಿದೆ. ಶಾಲೆಗಳಲ್ಲಿ, ಟ್ರೈನಿಂಗ್‌ಗಳಲ್ಲಿ ಅದನ್ನು ಹಾಕಿ ತೋರಿಸ್ತಾರೆ, ವಾಟ್ಸ್ಆ್ಯಪ್‌ನಲ್ಲಿ ಈಗಲೂ ಓಡಾಡ್ತಾ ಇರುತ್ತೆ.

ಆದರೆ ಆ ವಿಡಿಯೊ ಮುಗಿದ ಮೇಲಿನ ಕತೆಯನ್ನು ಯಾರೂ ಮಕ್ಕಳಿಗೆ ಹೇಳಲ್ಲ. ದಾಖಲೆಯಲ್ಲಿ ಅವರು ಆ ಓಟ ಮುಗಿಸಿದವರ ಪಟ್ಟಿಯಲ್ಲಿ ಇಲ್ಲ, ಸಹಾಯ ಪಡೆದಿದ್ದಕ್ಕೆ ಅದು ಲೆಕ್ಕಕ್ಕೆ ಬರಲಿಲ್ಲ. ಅದಕ್ಕೂ ನಾಲ್ಕು ವರ್ಷ ಮೊದಲು ಸೋಲ್ ಒಲಿಂಪಿಕ್ಸ್‌ನಲ್ಲಿ, ಹೀಟ್ಸ್ ಅಂದರೆ ಮೊದಲ ಸುತ್ತಿನ ಓಟ ಶುರುವಾಗೋ ಸ್ವಲ್ಪ ಮುಂಚೆ, ಹಿಮ್ಮಡಿಯ ಮೇಲಿನ ಅಕಿಲಿಸ್ ಸ್ನಾಯುರಜ್ಜು ಕೈಕೊಟ್ಟು ಅವರು ಓಡಲೇ ಇಲ್ಲ. ನಡುವೆ ಎಷ್ಟೋ ಆಪರೇಷನ್‌ಗಳಾದವು. ಬಾರ್ಸಿಲೋನಾ ಆದಮೇಲೆ ಅವರು ಇನ್ನೊಂದು ಒಲಿಂಪಿಕ್ಸ್ ಓಡಲಿಲ್ಲ. ಮುಂದೆ ಬ್ಯಾಸ್ಕೆಟ್‌ಬಾಲ್ ಕಡೆ ಹೋದರು. 1991ರ ಟೋಕಿಯೊ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 4x400 ರಿಲೇ ಚಿನ್ನ ಗೆದ್ದ ಬ್ರಿಟನ್ ತಂಡದಲ್ಲಿ ಇದ್ದವರು ಅವರು. ಅದು ಎಷ್ಟು ಜನರಿಗೆ ಗೊತ್ತು? ಅವರು ಗೆದ್ದಿದ್ದು ನಮಗೆ ನೆನಪಿಲ್ಲ, ಕುಂಟಿದ್ದು ಮಾತ್ರ ನೆನಪಿದೆ. ಓಟಗಾರನ ಜೀವಮಾನದ ಕೆಟ್ಟ ದಿನವನ್ನು ನಾವು ಅವನ ಗುರುತು ಮಾಡಿಬಿಟ್ಟೆವು.

ಹದಿನೈದು ವರ್ಷದ ಮಗು ಇದನ್ನು ನೋಡಿ ಏನು ಕಲಿಯುತ್ತೆ ಅಂತ ಸ್ವಲ್ಪ ಯೋಚನೆ ಮಾಡಿ. ಗಾಯವಾದಾಗ ನಿಲ್ಲಿಸಿದರೆ ಹೇಡಿ, ಕುಂಟಿದರೆ ವೀರ. ಹರಿದ ಸ್ನಾಯುವಿನ ಮೇಲೆ ಇನ್ನೂ ಇನ್ನೂರು ಮೀಟರ್ ಭಾರ ಹಾಕಿದರೆ ಗಾಯ ದೊಡ್ಡದಾಗುತ್ತೆ, ವಾರಗಳಲ್ಲಿ ವಾಸಿಯಾಗೋದು ತಿಂಗಳುಗಟ್ಟಲೆ ಎಳೆಯುತ್ತೆ ಅನ್ನೋದನ್ನು ಯಾವ ವಿಡಿಯೊನೂ ಹೇಳಲ್ಲ. ನಮ್ಮ ಹುಡುಗಿ ಮಾಡಿದ್ದು ಸರಿ. ಕೂತಿದ್ದೇ ಸರಿ. ಅವತ್ತು ಅವಳ ಪಕ್ಕ ಕೂತು ನಾನು ಮೊದಲು ಹೇಳಿದ್ದು ಇದನ್ನೇ, ‘ನೀನು ನಿಲ್ಲಿಸಿದ್ದು ಸರಿ ಕಣಮ್ಮ’ ಅಂತ. ಅವಳು ಆಗ ನಂಬಲಿಲ್ಲ. ಅವರಪ್ಪನ ಹತ್ತಿರವೂ ಅದನ್ನೇ ಹೇಳಿಸಿದೆ, ಆಗ ಅಳು ಬಂತು. ಅಳಲಿ ಅಂತ ಬಿಟ್ಟೆವು.

ಮಕ್ಕಳಿಗೆ ಹೇಳಬೇಕಾದ ಕತೆ ಬೇರೆ ಇವೆ. ಪೌಲಾ ರ‍್ಯಾಡ್‌ಕ್ಲಿಫ್ ಅಂತ ಬ್ರಿಟನ್ನಿನ ಮ್ಯಾರಥಾನ್ ಓಟಗಾರ್ತಿ. 2003ರಲ್ಲಿ ಲಂಡನ್‌ನಲ್ಲಿ 2 ಗಂಟೆ 15 ನಿಮಿಷ 25 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಮಾಡಿದವರು. ಮರುವರ್ಷ ಅಥೆನ್ಸ್ ಒಲಿಂಪಿಕ್ಸ್‌ಗೆ ಚಿನ್ನ ಅವರದೇ ಅಂತ ಎಲ್ಲರೂ ಮಾತಾಡಿಕೊಂಡಿದ್ದರು. ಓಟಕ್ಕೆ ಸ್ವಲ್ಪ ಮುಂಚೆ ಕಾಲಿಗೆ ಗಾಯವಾಯಿತು. ಅದಕ್ಕೆ ತಗೊಂಡ ಉರಿಯೂತ ಕಡಿಮೆ ಮಾಡೋ ಮಾತ್ರೆಗಳು ಹೊಟ್ಟೆಯನ್ನು ಕೆಡಿಸಿದವು. ತಿಂದಿದ್ದು ಮೈಗೆ ಹತ್ತಲಿಲ್ಲ, ಓಡಲು ಶಕ್ತಿಯೇ ಉಳಿದಿರಲಿಲ್ಲ. ಸುಮಾರು 36 ಕಿಲೋಮೀಟರ್ ಓಡಿ ನಿಂತುಬಿಟ್ಟರು. ರಸ್ತೆ ಬದಿಯಲ್ಲಿ ಅಳುತ್ತಾ ಕೂತಿದ್ದ ಅವರ ಚಿತ್ರ ಜಗತ್ತೆಲ್ಲ ನೋಡಿತು. ಐದು ದಿನ ಬಿಟ್ಟು 10,000 ಮೀಟರ್ ಓಡಲು ಇಳಿದರು, ಅದನ್ನೂ ಅರ್ಧಕ್ಕೆ ಬಿಡಬೇಕಾಯಿತು. ಕೈಬಿಟ್ಟು ಓಡಿಹೋದವಳು ಅಂತ ಅವರ ದೇಶದಲ್ಲೇ ಆಡಿಕೊಂಡರು. ಅದೇ ವರ್ಷ ನವೆಂಬರ್‌ನಲ್ಲಿ, ಅಥೆನ್ಸ್ ಆಗಿ ಹನ್ನೊಂದು ವಾರಕ್ಕೆ, ನ್ಯೂಯಾರ್ಕ್ ಮ್ಯಾರಥಾನ್ ಗೆದ್ದರು. 2005ರಲ್ಲಿ ಹೆಲ್ಸಿಂಕಿಯಲ್ಲಿ ವಿಶ್ವ ಚಾಂಪಿಯನ್ ಆದರು. ಒಲಿಂಪಿಕ್ ಪದಕ ಮಾತ್ರ ಅವರಿಗೆ ಕೊನೆಗೂ ಸಿಗಲಿಲ್ಲ, ಅದನ್ನೂ ಮುಚ್ಚಿಡದೆ ಮಕ್ಕಳಿಗೆ ಹೇಳ್ತೀನಿ.

ಈ ಕತೆ ಹೇಳುವಾಗ ಮಾತ್ರೆ ವಿಷಯವನ್ನು ನಾನು ಬೇಕೆಂದೇ ಒತ್ತಿ ಹೇಳ್ತೀನಿ. ನಮ್ಮ ಕ್ರೀಡಾಕೂಟಗಳಲ್ಲಿ ಓಟಕ್ಕೆ ಮುಂಚೆ ಮಗುವಿಗೆ ಒಂದು ನೋವಿನ ಮಾತ್ರೆ ನುಂಗಿಸಿ, ಸ್ಪ್ರೇ ಹೊಡೆದು ‘ಓಡು’ ಅನ್ನೋ ಅಭ್ಯಾಸ ಜಾಸ್ತಿ ಆಗಿದೆ. ನೋವು ಅನ್ನೋದು ದೇಹ ಕೊಡೋ ಎಚ್ಚರಿಕೆ. ಅದನ್ನು ಅಡಗಿಸಿ ಓಡಿಸಿದರೆ ಸಣ್ಣ ಎಳೆತ ಇದ್ದ ಸ್ನಾಯು ದೊಡ್ಡದಾಗಿ ಹರಿದೇ ಹೋಗುತ್ತೆ. ಆಮೇಲೆ ಸಂಜೆ ಮನೆಗೆ ಹೋದರೆ ಬಿಸಿ ಎಣ್ಣೆ ಹಾಕಿ ಗಟ್ಟಿಯಾಗಿ ತಿಕ್ಕುತ್ತಾರೆ, ಆವತ್ತೇ. ಹೊಸ ಗಾಯಕ್ಕೆ ಮೊದಲ ಎರಡು ಮೂರು ದಿನ ಬಿಸಿ ಕಾವು, ತಿಕ್ಕೋದು ಎರಡೂ ಬೇಡ, ಒಳಗಿನ ರಕ್ತಸ್ರಾವ, ಊತ ಜಾಸ್ತಿ ಆಗುತ್ತೆ. ಅಜ್ಜಿಯರಿಗೆ ಇದನ್ನು ಒಪ್ಪಿಸೋದು ಕಷ್ಟ, ಆದರೂ ಹೇಳಲೇಬೇಕು.

ನಿರಾಸೆಗೆ ಬರ್ತೀನಿ. ಗಾಯ ಮತ್ತು ನಿರಾಸೆ ಬೇರೆ ಬೇರೆ ಅಂತ ನಾವು ಅಂದುಕೊಂಡಿರ್ತೀವಿ. ಮೈದಾನದಲ್ಲಿ ನಾನು ಕಂಡ ಹಾಗೆ ಇವೆರಡೂ ಒಂದಕ್ಕೊಂದು ಗಂಟು ಹಾಕಿಕೊಂಡಿರುತ್ತವೆ. ಸೋತ ಮಗುವಿಗೆ ತಾನು ಸೋತಿಲ್ಲ ಅಂತ ಬೇಗ ತೋರಿಸಬೇಕು. ಅದಕ್ಕೆ ಕಾಲು ಪೂರ್ತಿ ವಾಸಿಯಾಗುವ ಮುಂಚೆಯೇ ಓಡಲು ಶುರು ಮಾಡುತ್ತೆ. ನಡೆಯುವಾಗ ನೋವಿಲ್ಲ ಅಂದರೆ ವಾಸಿಯಾಯಿತು ಅಂದುಕೊಳ್ಳುತ್ತೆ. ಹ್ಯಾಮ್‌ಸ್ಟ್ರಿಂಗ್ ಅಂತೂ ಇದಕ್ಕೆ ಕುಖ್ಯಾತ. ಒಮ್ಮೆ ಹರಿದರೆ, ಮತ್ತೆ ಓಡಲು ಶುರು ಮಾಡಿದ ಮೊದಲ ವಾರಗಳಲ್ಲೇ ಮತ್ತೆ ಹರಿಯೋ ಅಪಾಯ ಜಾಸ್ತಿ. ಹಾಗೆ ಎರಡನೇ ಸಲ ಆದಾಗ ಬರೋ ನಿರಾಸೆ ಮೊದಲನೆಯದಕ್ಕಿಂತ ದೊಡ್ಡದು. ಆಗ ಮಕ್ಕಳು ಓಟವನ್ನೇ ಬಿಡ್ತಾರೆ. ನಮ್ಮ ತಾಲ್ಲೂಕಿನಲ್ಲೇ ಹಾಗೆ ಬಿಟ್ಟ ಒಳ್ಳೊಳ್ಳೆ ಹುಡುಗರಿದ್ದಾರೆ, ಈಗ ದಾರಿಯಲ್ಲಿ ಸಿಕ್ಕಿದರೆ ಓಟದ ಮಾತು ಬಿಟ್ಟು ಬೇರೆ ಎಲ್ಲ ಮಾತಾಡ್ತಾರೆ.

ಊರವರ ಒತ್ತಡ ಇದಕ್ಕೆ ಸೇರಿಕೊಂಡರೆ ಇನ್ನೂ ಕಷ್ಟ. ಚೀನಾದ ಲಿಯು ಷಿಯಾಂಗ್ 2004ರ ಅಥೆನ್ಸ್‌ನಲ್ಲಿ 110 ಮೀಟರ್ ಹರ್ಡಲ್ಸ್ ಚಿನ್ನ ಗೆದ್ದವರು. 2008ರಲ್ಲಿ ಒಲಿಂಪಿಕ್ಸ್ ಅವರ ದೇಶದಲ್ಲೇ ನಡೆದಾಗ ಬೀಜಿಂಗ್ ತುಂಬಾ ಅವರದೇ ಚಿತ್ರ. ಹೀಟ್ಸ್‌ಗೆ ಬಂದರು, ಯಾರೋ ಫಾಲ್ಸ್ ಸ್ಟಾರ್ಟ್ ಮಾಡಿದರು, ಅಂದರೆ ಗುಂಡಿನ ಸದ್ದಿಗೆ ಮುಂಚೆಯೇ ಹೊರಟರು, ಅಷ್ಟಕ್ಕೇ ಬಲಗಾಲಿನ ಅಕಿಲಿಸ್ ನೋವು ತಡೆಯಲಾರದೆ ಬೆನ್ನು ತಿರುಗಿಸಿ ಒಳಗೆ ನಡೆದರು. ಸುದ್ದಿಗೋಷ್ಠಿಯಲ್ಲಿ ಕೋಚ್ ಸುನ್ ಹೈಪಿಂಗ್ ಬಿಕ್ಕಿ ಬಿಕ್ಕಿ ಅತ್ತರು. ಆಮೇಲೆ ಲಿಯು ಒಂದು ವರ್ಷಕ್ಕಿಂತ ಹೆಚ್ಚು ಕಾಲ ಓಡಲಿಲ್ಲ. ಸಮಯ ತಗೊಂಡರು. 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಮತ್ತೆ ಚಿನ್ನ ಗೆದ್ದರು. 2012ರ ಲಂಡನ್‌ನಲ್ಲಿ ಅದೇ ಕಾಲು ಮತ್ತೆ ಕೈಕೊಟ್ಟಿತು, ಮೊದಲ ಹರ್ಡಲ್‌ನಲ್ಲೇ ಬಿದ್ದರು. ಎಷ್ಟು ಹುಷಾರಾಗಿದ್ದರೂ ಕೆಲವು ಸಲ ಹೀಗೂ ಆಗುತ್ತೆ. ಆಗ ತಪ್ಪು ಯಾರದು ಅಂತ ಹುಡುಕುತ್ತಾ ಕೂರೋದು ವ್ಯರ್ಥ.

ನಮ್ಮ ಪಿ.ಟಿ. ಉಷಾ ಅವರನ್ನೇ ತಗೊಳ್ಳಿ. 1984ರ ಲಾಸ್ ಏಂಜಲೀಸ್‌ನಲ್ಲಿ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಪದಕ ತಪ್ಪಿದ್ದು ಎಲ್ಲರಿಗೂ ಬಾಯಿಪಾಠ. 1988ರಲ್ಲಿ ಸೋಲ್‌ಗೆ ಹಿಮ್ಮಡಿ ಗಾಯ ಇಟ್ಟುಕೊಂಡೇ ಹೋಗಿ 400 ಮೀಟರ್ ಹರ್ಡಲ್ಸ್ ಹೀಟ್ಸ್ ದಾಟಲಾಗದೆ ಬಂದರು. ಆಗ ಅವರನ್ನು ಹೀಯಾಳಿಸಿದವರಿಗೆ ಲೆಕ್ಕವಿಲ್ಲ, ಉಷಾ ಕತೆ ಮುಗೀತು ಅಂದರು. ಮರುವರ್ಷ ದೆಹಲಿಯ ಏಷ್ಯನ್ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್‌ನಲ್ಲಿ ನಾಲ್ಕು ಚಿನ್ನ, ಎರಡು ಬೆಳ್ಳಿ. ನೂರನೇ ಒಂದು ಭಾಗದ ಕತೆಯನ್ನು ಕಣ್ಣೀರಿಟ್ಟು ಹೇಳೋ ನಾವು 1988ರಿಂದ 1989ರವರೆಗಿನ ಆ ಒಂದು ವರ್ಷದ ಕತೆಯನ್ನು ಯಾಕೆ ಹೇಳಲ್ಲ? ನನಗಂತೂ ಅದೇ ದೊಡ್ಡದು ಅನ್ನಿಸುತ್ತೆ. ಗಾಯಗೊಂಡ ಮಕ್ಕಳಿಗೆ ಕೆಲಸಕ್ಕೆ ಬರೋದು ಆ ವರ್ಷ.

ಹಾಗಾದರೆ ನೀವು ಏನು ಮಾಡ್ತೀರಿ ಮೇಡಂ ಅಂತ ಯಾರಾದರೂ ಕೇಳಬಹುದು. ದೊಡ್ಡ ವಿದ್ಯೆ ಏನಿಲ್ಲ. ಮೊದಲು ಮಾಡೋದು, ‘ಏನಾಯ್ತು, ಹೇಗಾಯ್ತು’ ಅಂತ ಮತ್ತೆ ಮತ್ತೆ ಕೇಳೋದನ್ನು ನಿಲ್ಲಿಸೋದು. ಸ್ಟಾಫ್ ರೂಮಿನಲ್ಲಿ ಹೇಳಿಬಿಡ್ತೀನಿ, ಆ ಮಗುವನ್ನು ಯಾರೂ ಓಟದ ಬಗ್ಗೆ ಕೇಳಬೇಡಿ, ಗಣಿತ ಕೇಳಿ, ಹೋಂವರ್ಕ್ ಕೇಳಿ, ಬೇಕಾದರೆ ಬೈರಿ. ಕೇಳಿದವರಿಗೆಲ್ಲ ಅದೇ ಕತೆ ಹೇಳಿ ಹೇಳಿ ಮಗು ಮತ್ತೆ ಮತ್ತೆ ಅದೇ ತಿರುವಿಗೆ ಹೋಗಿ ನಿಲ್ಲುತ್ತೆ. ಮಗು ತಾನಾಗೇ ಮಾತಾಡಲು ಬಂದರೆ ಮಾತ್ರ ಕೆಲಸ ಬದಿಗಿಟ್ಟು ಪೂರ್ತಿ ಕೇಳಬೇಕು. ಮಧ್ಯೆ ಬುದ್ಧಿ ಹೇಳಬಾರದು. ‘ವಾರ್ಮ್ ಅಪ್ ಸರಿ ಮಾಡಿದ್ದರೆ ಹೀಗಾಗ್ತಿರಲಿಲ್ಲ ಅಲ್ವಾ ಮೇಡಂ’ ಅಂತ ಕೇಳ್ತಾರೆ. ಗೊತ್ತಿದ್ದರೆ ನಿಜ ಹೇಳ್ತೀನಿ, ಇಲ್ಲದಿದ್ದರೆ ಗೊತ್ತಿಲ್ಲ ಅಂತೀನಿ.

ಇನ್ನೊಂದು, ನಮ್ಮ ಹತ್ತಿರ ಪ್ರತಿ ಓಟಗಾರರಿಗೂ ಒಂದು ನೋಟ್‌ಬುಕ್ ಇದೆ. ಪ್ರಾಕ್ಟೀಸಿನಲ್ಲಿ, ಕ್ರೀಡಾಕೂಟದಲ್ಲಿ ಎಷ್ಟು ಸಮಯ ಆಯಿತು ಅಂತ ಅವರೇ ಬರೆದಿಡಬೇಕು. ಗಾಯವಾದ ಓಟವನ್ನು ಸಮಯದ ಸಾಲಿನಲ್ಲಿ ಬರೆಯಲು ನಾನು ಬಿಡಲ್ಲ. ಎದುರು ಪುಟದಲ್ಲಿ ದಿನಾಂಕ ಹಾಕಿ ‘ಗಾಯ’ ಅಂತ ಬರೆದು, ಎಲ್ಲಿ, ಯಾವ ಕಾಲು, ಹಿಂದಿನ ದಿನಗಳಲ್ಲಿ ಏನಾದರೂ ಬಿಗಿತ ಇತ್ತಾ ಅಂತ ಬರೆಸ್ತೀನಿ. ಅವಳ ಒಳ್ಳೆಯ ಸಮಯ ಹಾಗೇ ಇರುತ್ತೆ. ಅದನ್ನು ಯಾರೂ ಅಳಿಸಿಲ್ಲ, ಅದನ್ನು ಓಡಿದ ಕಾಲೂ ಅವಳದೇ. ನಮ್ಮ ಹುಡುಗಿ ಆ ಪುಟ ತೆಗೆದು ಎಷ್ಟೋ ಹೊತ್ತು ಸುಮ್ನೆ ನೋಡುತ್ತಾ ಕೂತಿದ್ದಳು. ಆಮೇಲೆ ಬೇರೆ ಪೆನ್ನು ತಗೊಂಡು ತನ್ನ ಒಳ್ಳೆಯ ಸಮಯದ ಕೆಳಗೆ ಗೆರೆ ಎಳೆದಳು. ನಾನು ಹೇಳಿರಲಿಲ್ಲ.

ಸ್ವಲ್ಪ ದಿನ ಬಿಟ್ಟು ಕೈಗೆ ಸ್ಟಾಪ್‌ವಾಚ್ ಕೊಡ್ತೀವಿ. ಬೆಳಿಗ್ಗೆ ಮೈದಾನಕ್ಕೆ ಬಂದು ಚಿಕ್ಕ ಮಕ್ಕಳ ಸುತ್ತು ಎಣಿಸೋದು, ಸಮಯ ಕೂಗೋದು. ಇದು ಎಲ್ಲರಿಗೂ ಆಗಿಬರಲ್ಲ. ಒಬ್ಬ ಹುಡುಗನಿಗೆ ಬೇರೆಯವರು ಓಡೋದನ್ನು ನೋಡೋದೇ ಹಿಂಸೆಯಾಗಿತ್ತು, ಅವನನ್ನು ಬಲವಂತ ಮಾಡಲಿಲ್ಲ, ಅವನು ವಾಸಿಯಾಗುವವರೆಗೆ ಮೈದಾನದ ಕಡೆಗೇ ಬರಲಿಲ್ಲ, ಆಮೇಲೆ ಅವನಾಗೇ ಬಂದ. ಆದರೆ ಈ ಹುಡುಗಿಗೆ ಅದು ಹಿಡಿಸಿತು. ಎಂಟನೇ ಕ್ಲಾಸಿನ ಮಕ್ಕಳು ಮೊದಲ ಸುತ್ತನ್ನು ಸಿಕ್ಕಾಪಟ್ಟೆ ಜೋರಾಗಿ ಓಡಿ ಎರಡನೇ ಸುತ್ತಿಗೆ ಸುಸ್ತಾಗ್ತಾರೆ ಅಂತ ಅವಳೇ ಕಂಡುಹಿಡಿದು ಅವರಿಗೆ ಬೈಯುತ್ತಿದ್ದಾಳೆ.

ಮತ್ತೆ ಓಡಲು ಶುರು ಮಾಡಿದಾಗ ಬರೋ ಹೆದರಿಕೆ ಬೇರೆಯದೇ. ಸ್ನಾಯು ವಾಸಿಯಾಗಿರುತ್ತೆ, ಆದರೆ ಟ್ರ್ಯಾಕಿನಲ್ಲಿ ಅದು ಹರಿದ ಜಾಗ ಬಂದಾಗ ಕಾಲು ತಾನಾಗೇ ಹಿಂದೆ ಸರಿಯುತ್ತೆ. ಹೆಜ್ಜೆ ಸಣ್ಣದಾಗುತ್ತೆ. ಇದನ್ನು ‘ಧೈರ್ಯ ಮಾಡು’ ಅಂದು ಸರಿಮಾಡಲು ಆಗಲ್ಲ. ಅದೇ ಜಾಗದಲ್ಲಿ ಮೊದಲು ನಡಿಗೆ, ಆಮೇಲೆ ನಿಧಾನದ ಓಟ, ಆಮೇಲೆ ಸ್ವಲ್ಪ ವೇಗ, ಹೀಗೆ ದಿನಾ ಒಂದಿಷ್ಟು. ಫಿಜಿಯೋಥೆರಪಿಸ್ಟ್ ಒಬ್ಬರು ನೋಡಿ ಹೇಳಿದರೆ ಮಗುವಿಗೂ ನಂಬಿಕೆ ಬರುತ್ತೆ. ಹಳ್ಳಿ ಮಗುವಿಗೆ ಫಿಜಿಯೋ ಎಲ್ಲಿ ಸಿಗ್ತಾರೆ ಅನ್ನೋದೇ ಪ್ರಶ್ನೆ.

ತಂದೆ ತಾಯಿಯರಿಗೆ ಒಂದು ಮಾತು. ಮಗು ಊಟ ಬಿಟ್ಟರೆ, ನಿದ್ದೆ ಬಿಟ್ಟರೆ, ಇಷ್ಟದ ಯಾವ ಕೆಲಸಕ್ಕೂ ಮನಸ್ಸು ಕೊಡದೆ ವಾರಗಟ್ಟಲೆ ಮೂಲೆ ಹಿಡಿದರೆ ಅದನ್ನು ನಾಟಕ ಅನ್ನಬೇಡಿ. ಮನಸ್ಸಿನ ಕಷ್ಟಕ್ಕೆ ಟೆಲಿ ಮಾನಸ್ ಅಂತ ಸರ್ಕಾರದ ಉಚಿತ ಸಹಾಯವಾಣಿ ಇದೆ, ನಂಬರ್ 14416. ಕನ್ನಡದಲ್ಲೇ ಮಾತಾಡಬಹುದು. ಮತ್ತೆ, ಖರ್ಚಿನ ಲೆಕ್ಕ ಮಗುವಿನ ಮುಂದೆ ಆಡಬೇಡಿ. ಸ್ಪೈಕ್ಸ್‌ಗೆ, ಅಂದರೆ ಓಟದ ಮೊಳೆ ಶೂಗೆ ಎಷ್ಟಾಯಿತು, ಬಸ್ಸಿಗೆ ಎಷ್ಟಾಯಿತು ಅನ್ನೋದು ಮಕ್ಕಳಿಗೆ ನಮಗಿಂತ ಚೆನ್ನಾಗಿ ನೆನಪಿರುತ್ತೆ.

ಸಂಪಾದಕರೇ, ನಿಮ್ಮಿಂದ ಎರಡು ಸಹಾಯ ಕೇಳ್ತೀನಿ. ನಿಮ್ಮ ವರದಿಗಾರರು ಕ್ರೀಡಾಕೂಟಕ್ಕೆ ಬಂದಾಗ, ಗಾಯವಾಗಿ ಓಟ ನಿಲ್ಲಿಸಿದ ಮಗು ಯಾವುದು ಅಂತ ಗುರುತು ಮಾಡಿಕೊಂಡು ಹೋಗಲಿ. ಆವತ್ತು ಅದರ ಅಳುವ ಫೋಟೊ ಹಾಕೋದು ಬೇಡ. ಆ ಮಗು ಮತ್ತೆ ಓಡಿದ ದಿನ, ಎಷ್ಟನೇ ಸ್ಥಾನವಾದರೂ ಬರಲಿ, ಒಂದು ಸಾಲು ಹಾಕಿ. ಎರಡನೆಯದು, ತಾಲ್ಲೂಕು ಮತ್ತು ಜಿಲ್ಲಾ ಮಟ್ಟದ ಕ್ರೀಡಾಕೂಟಗಳಲ್ಲಿ ಮಕ್ಕಳಿಗೆ ಗಾಯವಾದರೆ ಏನು ವ್ಯವಸ್ಥೆ ಇದೆ ಅಂತ ಒಮ್ಮೆ ಮೈದಾನ ಮೈದಾನ ಸುತ್ತಿ ಬರೆಯಿರಿ. ನಾವು ಕೇಳ್ತಿರೋದು ಭಾರಿ ಏನಲ್ಲ: ಒಂದು ಡಬ್ಬ ಐಸ್, ಒಂದಿಷ್ಟು ಕ್ರೇಪ್ ಬ್ಯಾಂಡೇಜ್, ಒಂದು ಸ್ಟ್ರೆಚರ್, ಆ ಒಂದು ದಿನದ ಮಟ್ಟಿಗೆ ಸರ್ಕಾರಿ ಆಸ್ಪತ್ರೆಯಿಂದ ಒಬ್ಬರು ಫಿಜಿಯೋ, ಮತ್ತೆ ಗಾಯವಾದ ಮಗುವನ್ನು ಆಮೇಲೆ ಎಲ್ಲಿಗೆ, ಯಾವ ದಿನ ಕರೆದುಕೊಂಡು ಬರಬೇಕು ಅಂತ ಬರೆದುಕೊಡೋ ಒಂದು ಚೀಟಿ. ಶಾಮಿಯಾನ, ಹಾರ, ಮೈಕ್‌ಗೆ ಎಲ್ಲಿಂದಲೋ ದುಡ್ಡು ಹೊಂದಿಸ್ತೀವಿ, ಇದಕ್ಕೂ ಹೊಂದಿಸಬಹುದು. ಮುಂದಿನ ಸಾಲಿನ ವಲಯ ಮಟ್ಟದ ಕೂಟಗಳು ಶುರುವಾಗುವ ಮುಂಚೆ ಈ ವರದಿ ಬಂದರೆ ಬಹಳ ಉಪಕಾರ. ನಿಮ್ಮ ವರದಿಗಾರರು ನಮ್ಮ ತಾಲ್ಲೂಕಿಗೆ ಬಂದರೆ ಮೈದಾನ ತೋರಿಸಲು ನಾನು ಬರ್ತೀನಿ.

ಇತಿ,
ದೈಹಿಕ ಶಿಕ್ಷಣ ಶಿಕ್ಷಕಿ,
ಸರ್ಕಾರಿ ಪ್ರೌಢಶಾಲೆ, ಹಾಸನ ಜಿಲ್ಲೆ